ಆಫ್ರಿಕಾ ಸಫಾರಿ: ಮೊದಲು ತಿಂಗಳು, ಆಮೇಲೆ ಜಾಗ, ಕೊನೆಗೆ ಲಾಡ್ಜ್

ಆಫ್ರಿಕಾ ಸಫಾರಿಗೆ ಹೊರಡುವ ಹೆಚ್ಚಿನವರು ಮೊದಲು ಚಂದದ ಲಾಡ್ಜ್ ಒಂದನ್ನು ಆರಿಸುತ್ತಾರೆ, ಅಲ್ಲಿ ಕೋಣೆ ಸಿಗುವ ದಿನಕ್ಕೆ ವಿಮಾನದ ಟಿಕೆಟ್ ತೆಗೆಯುತ್ತಾರೆ. ಆ ವಾರ ಪ್ರಾಣಿಗಳು ಅಲ್ಲಿಂದ ನೂರು ಕಿಲೋಮೀಟರ್ ಆಚೆ ಮೇಯುತ್ತಿರಬಹುದು. ತಾಂಜಾನಿಯಾದ ಸೆರೆಂಗೆಟಿಯಲ್ಲಿ ಇದು ಉತ್ಪ್ರೇಕ್ಷೆಯ ಮಾತಲ್ಲ. ಆ ಉದ್ಯಾನವೊಂದೇ ಸುಮಾರು 14,750 ಚದರ ಕಿ.ಮೀ. ಇದೆ. ದಕ್ಷಿಣದ ತುದಿಯಲ್ಲಿ ತಂಗಿದವರಿಗೆ ಉತ್ತರದ ಮಾರಾ ನದಿ ಒಂದಿಡೀ ದಿನದ ದಾರಿ. ಆದ್ದರಿಂದ ಏನು ನೋಡಬೇಕು, ಅದು ಯಾವ ತಿಂಗಳಲ್ಲಿ ಎಲ್ಲಿರುತ್ತದೆ ಎಂಬುದು ಮೊದಲು ತೀರ್ಮಾನವಾಗಲಿ. ಹಾಸಿಗೆ, ಊಟ, ಈಜುಕೊಳದ ವಿಚಾರ ಆಮೇಲೆ.

ಎಲ್ಲದರ ಬುಡದಲ್ಲಿರುವುದು ಮಳೆ. ಮಳೆ ನಿಂತು ವಾರಗಳು ಕಳೆದಂತೆ ಹಳ್ಳಕೊಳ್ಳ ಬತ್ತುತ್ತವೆ, ಹುಲ್ಲು ಒಣಗಿ ನೆಲ ಹಿಡಿಯುತ್ತದೆ, ಪೊದೆಗಳು ಎಲೆ ಉದುರಿಸುತ್ತವೆ. ಉಳಿದ ನೀರಿನ ಸುತ್ತ ಪ್ರಾಣಿಗಳು ಸೇರುತ್ತವೆ, ಮರೆ ಇಲ್ಲದ್ದರಿಂದ ಕಣ್ಣಿಗೂ ಬೀಳುತ್ತವೆ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಬಹುಪಾಲು ಕಾಡುಗಳಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೀಗಿರುತ್ತದೆ. ಮಳೆಗಾಲದಲ್ಲಿ ಎಲ್ಲೆಲ್ಲೂ ನೀರಿರುವುದರಿಂದ ಪ್ರಾಣಿಗಳು ಚದುರುತ್ತವೆ, ಎದೆಯೆತ್ತರದ ಹುಲ್ಲಿನಲ್ಲಿ ಹತ್ತು ಮಾರು ದೂರದ ಸಿಂಹವೂ ಕಾಣದು, ಕಪ್ಪು ಜೇಡಿಮಣ್ಣಿನಲ್ಲಿ ಗಾಡಿ ಹೂತುಹೋಗುತ್ತದೆ. ಆದರೆ ವಲಸೆ ಹಕ್ಕಿಗಳು ಬರುವುದು, ಇಂಪಾಲಾ ಹುಲ್ಲೆಗಳು ಮರಿ ಹಾಕುವುದು, ಲಾಡ್ಜ್‌ಗಳ ದರ ಇಳಿಯುವುದು ಆಗಲೇ. ಹಕ್ಕಿಗಾಗಿ ಹೋಗುವವರು ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವನ್ನು ಧೈರ್ಯವಾಗಿ ಆರಿಸಬಹುದು. ಮೊದಲ ಸಲ ಹೋಗುವವರಿಗೆ ಒಣ ತಿಂಗಳುಗಳೇ ಸರಿ.

ವಲಸೆಯ ಲೆಕ್ಕ

ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ವಲಸೆ ಜುಲೈನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ಮುಗಿಯುವ ಜಾತ್ರೆ ಎಂಬ ಕಲ್ಪನೆ ಬಹಳ ಜನರಲ್ಲಿದೆ. ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಾಂತರ ಜೀಬ್ರಾ ಮತ್ತು ಗೆಜೆಲ್‌ಗಳು ವರ್ಷವಿಡೀ ತಿರುಗುತ್ತಲೇ ಇರುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅವು ಸೆರೆಂಗೆಟಿಯ ದಕ್ಷಿಣದಲ್ಲಿ, ಎನ್‌ಡುಟು ಸುತ್ತಿನ ಕುರುಚಲು ಹುಲ್ಲಿನ ಬಯಲಲ್ಲಿರುತ್ತವೆ. ಅಲ್ಲಿನ ಮಣ್ಣು ಜ್ವಾಲಾಮುಖಿಯ ಬೂದಿ. ಹುಲ್ಲಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಹೆಚ್ಚು, ಹಾಲೂಡುವ ತಾಯಂದಿರಿಗೆ ಅದು ಬೇಕು. ಜನವರಿಯ ಕೊನೆಯಿಂದ ಫೆಬ್ರವರಿಯಲ್ಲಿ ಎರಡು ಮೂರು ವಾರಗಳೊಳಗೆ ಬಹುಪಾಲು ಮರಿಗಳು ಹುಟ್ಟುತ್ತವೆ. ಸಿಂಹ, ಚೀತಾ, ಕತ್ತೆಕಿರುಬಗಳೆಲ್ಲ ಆಗ ಆ ಬಯಲಲ್ಲೇ. ಬೇಟೆ ನೋಡುವ ಆಸೆಯಿದ್ದರೆ ಹಿಂಡುಗಳು ಮಾರಾ ನದಿ ದಾಟುವ ಪ್ರಸಿದ್ಧ ದೃಶ್ಯಕ್ಕಿಂತ ಫೆಬ್ರವರಿಯ ಎನ್‌ಡುಟು ಲೇಸು. ಬಯಲು ತೆರೆದಿರುವುದರಿಂದ ಚೀತಾದ ಓಟ ಮೊದಲಿಂದ ಕೊನೆಯವರೆಗೆ ಕಾಣುತ್ತದೆ.

ಏಪ್ರಿಲ್, ಮೇ ದೊಡ್ಡ ಮಳೆಯ ತಿಂಗಳುಗಳು. ಹಿಂಡುಗಳು ವಾಯವ್ಯಕ್ಕೆ ಹೊರಟು ಜೂನ್ ಹೊತ್ತಿಗೆ ಗ್ರುಮೆಟಿ ನದಿಯ ಕಡೆ ಇರುತ್ತವೆ. ಜುಲೈ ಮಧ್ಯದಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಆಸುಪಾಸು, ಅಂದರೆ ತಾಂಜಾನಿಯಾದ ಉತ್ತರ ಸೆರೆಂಗೆಟಿ ಮತ್ತು ಕೀನ್ಯಾದ ಮಸಾಯಿ ಮಾರಾ. ನವೆಂಬರ್‌ನ ಸಣ್ಣ ಮಳೆ ಬಿದ್ದೊಡನೆ ಮತ್ತೆ ದಕ್ಷಿಣಕ್ಕೆ. ಮಳೆ ಎರಡು ವಾರ ಹಿಂದೆ ಮುಂದೆ ಆದರೆ ಹಿಂಡೂ ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ದಾಟುವಿಕೆಗೆಂದೇ ಹೋಗುವವರು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ನದಿಯ ಹತ್ತಿರವೇ ಕನಿಷ್ಠ ನಾಲ್ಕು ರಾತ್ರಿ ಇಟ್ಟುಕೊಳ್ಳಬೇಕು. ಎರಡು ರಾತ್ರಿಯಲ್ಲಿ ಸಿಕ್ಕರೆ ಅದೃಷ್ಟ ಅಷ್ಟೇ.

ನದಿಯ ದಡದಲ್ಲಿ ಕೆಡುವುದು ಸಾಮಾನ್ಯವಾಗಿ ಹೀಗೆ. ಹಿಂಡು ದಡಕ್ಕೆ ಬಂದು ನಿಂತು ಹಿಂಜರಿಯುತ್ತಿರುತ್ತದೆ, ಅಷ್ಟರಲ್ಲಿ ಒಂದು ಗಾಡಿ ಒಳ್ಳೆಯ ಜಾಗಕ್ಕೆಂದು ಅಂಚಿಗೆ ನುಗ್ಗುತ್ತದೆ, ಮುಂದಿನ ಸಾಲು ಬೆದರಿ ತಿರುಗುತ್ತದೆ, ಗಂಟೆಗಟ್ಟಲೆ ಕಾದವರದೆಲ್ಲ ವ್ಯರ್ಥ. ಮುಂದಿನ ಪ್ರಾಣಿಗಳು ನೀರಿಗಿಳಿದು ಸಾಲು ಕಟ್ಟುವವರೆಗೆ ದಡದಿಂದ ಹಿಂದೆಯೇ ನಿಲ್ಲಿಸುವಂತೆ ಗೈಡ್‌ಗೆ ಮೊದಲೇ ಹೇಳಿಡಿ. ಹತ್ತಿರ ಹೋಗಿ ಎಂದು ಒತ್ತಾಯಿಸುವವರು ಬಹುತೇಕ ಪ್ರವಾಸಿಗರೇ, ಗೈಡ್‌ಗಳಲ್ಲ.

ಉಳಿದ ಜಾಗಗಳು, ಚುಟುಕಾಗಿ

ಬೊಟ್ಸ್‌ವಾನಾದ ಒಕವಾಂಗೊ ಮುಖಜಭೂಮಿಯ ಲೆಕ್ಕ ಬೇರೆ. ಅಂಗೋಲಾದ ಎತ್ತರದ ಪ್ರದೇಶದಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು ಬಂದು, ಸ್ಥಳೀಯವಾಗಿ ಹನಿ ಮಳೆಯಿಲ್ಲದ ಜೂನ್‌ನಿಂದ ಆಗಸ್ಟ್‌ನಲ್ಲಿ ಇಲ್ಲಿ ಪ್ರವಾಹವಾಗುತ್ತದೆ. ಮೊಕೊರೊ ಎಂಬ ಕಿರಿದಾದ ದೋಣಿಯಲ್ಲಿ ಜೊಂಡಿನ ನಡುವೆ ಸಾಗಬೇಕೆಂದರೆ ಆಗ ಹೋಗಿ. ಆನೆಗಳ ದೊಡ್ಡ ಹಿಂಡುಗಳಿಗೆ ಚೋಬೆ ನದಿಯ ದಡ, ಆಗಸ್ಟ್‌ನಿಂದ ಅಕ್ಟೋಬರ್. ಚೋಬೆಯಲ್ಲಿ ಜೀಪಿಗಿಂತ ದೋಣಿ ಮೇಲು, ನೀರಿನ ಮಟ್ಟದಿಂದ ಆನೆ ಈಜುವುದನ್ನು ನೋಡಬಹುದು.

ಜಾಂಬಿಯಾದ ದಕ್ಷಿಣ ಲುವಾಂಗ್ವಾ ಕಾಲ್ನಡಿಗೆ ಸಫಾರಿಗೆ, ರಾತ್ರಿಯ ಚಿರತೆಗೆ ಹೆಸರಾದ ಜಾಗ. ಅಲ್ಲಿನ ಕಾಡೊಳಗಿನ ಸಣ್ಣ ಕ್ಯಾಂಪ್‌ಗಳು ಮಳೆಗಾಲದಲ್ಲಿ ಮುಚ್ಚುತ್ತವೆ. ನಮೀಬಿಯಾದ ಎಟೋಷಾದಲ್ಲಿ ಅಲೆಯುವ ಅಗತ್ಯವೇ ಕಡಿಮೆ, ನೀರುಗುಂಡಿಯ ಪಕ್ಕ ಗಾಡಿ ನಿಲ್ಲಿಸಿ ಕೂತರೆ ಸಾಕು. ಒಕಾಕುಯೆಜೊ ಕ್ಯಾಂಪ್‌ನ ದೀಪ ಹಾಕಿದ ನೀರುಗುಂಡಿಗೆ ಒಣ ತಿಂಗಳ ರಾತ್ರಿಗಳಲ್ಲಿ ಕಪ್ಪು ಘೇಂಡಾಮೃಗಗಳು ಬರುತ್ತವೆ. ಬೆಚ್ಚಗೆ ಹೊದ್ದು ಬೆಂಚಿನ ಮೇಲೆ ಕಾಯಬೇಕು, ಹೆಚ್ಚಿನವರು ಒಂಬತ್ತಕ್ಕೇ ಎದ್ದುಹೋಗುತ್ತಾರೆ.

ತಾಂಜಾನಿಯಾದ ಗೊರೊಂಗೊರೊ ಕುಳಿಯ ತಳ ಸುಮಾರು 260 ಚದರ ಕಿ.ಮೀ., ಸುತ್ತಲಿನ ಗೋಡೆ ಆರುನೂರು ಮೀಟರ್ ಎತ್ತರ. ಕಪ್ಪು ಘೇಂಡಾಮೃಗ ನೋಡಲು ತಾಂಜಾನಿಯಾದಲ್ಲಿ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಆದರೆ ಜಿರಾಫೆ ಕುಳಿಯೊಳಗೆ ಇಲ್ಲ, ಅದನ್ನು ಬೇರೆಲ್ಲಾದರೂ ನೋಡಿಕೊಳ್ಳಬೇಕು. ಕುಳಿಗೆ ಇಳಿಯುವ ಪ್ರತಿ ಗಾಡಿಗೆ ಪ್ರತ್ಯೇಕ ಶುಲ್ಕವಿದೆ, ಮುನ್ನೂರು ಡಾಲರ್ ಹತ್ತಿರ. ಪ್ಯಾಕೇಜಿನಲ್ಲಿ ಅದು ಸೇರಿದೆಯೇ ಎಂದು ಕೇಳಿ. ಬೆಳಿಗ್ಗೆ ಆರಕ್ಕೆ ಇಳಿದವರಿಗೆ ಮೊದಲ ಎರಡು ಗಂಟೆ ಕುಳಿ ಹೆಚ್ಚುಕಡಿಮೆ ಖಾಲಿ ಸಿಗುತ್ತದೆ. ಹತ್ತಕ್ಕೆ ಇಳಿದವರು ಗಾಡಿಗಳ ಸಾಲನ್ನೇ ನೋಡುತ್ತಾರೆ.

ದಾರಿ ಹಾಕುವುದು

ಹತ್ತು ದಿನದಲ್ಲಿ ಮೂರು ದೇಶ ಎಂಬ ಪಟ್ಟಿಗಳನ್ನು ನಂಬಬೇಡಿ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ದಿನ ಬೆಳಗಿನ ಸಫಾರಿ ಹೋಗುತ್ತದೆ, ಸಂಜೆಯದು ಅರ್ಧವಾಗುತ್ತದೆ. ಒಂದೊಂದು ಕಡೆ ಮೂರು ರಾತ್ರಿ ಕನಿಷ್ಠ. ಮೂರನೆಯ ದಿನದ ಹೊತ್ತಿಗೆ ಗೈಡ್‌ಗೆ ನಿಮ್ಮ ಆಸಕ್ತಿ ಗೊತ್ತಾಗಿರುತ್ತದೆ, ಆ ಭಾಗದ ಸಿಂಹಗಳು ಎಲ್ಲಿ ಮಲಗಿವೆ ಎಂಬುದು ನಿಮಗೂ ಗೊತ್ತಾಗಿರುತ್ತದೆ.

ನಕಾಶೆಯಲ್ಲಿ ಸೆರೆಂಗೆಟಿ ಮತ್ತು ಮಸಾಯಿ ಮಾರಾ ಅಂಟಿಕೊಂಡಿವೆ. ಆದರೆ ಪ್ರವಾಸಿಗರು ಉದ್ಯಾನದೊಳಗಿಂದಲೇ ಗಡಿ ದಾಟುವಂತಿಲ್ಲ. ಪಶ್ಚಿಮಕ್ಕೆ ಸುತ್ತಿ ಇಸೆಬಾನಿಯಾ ಗಡಿಠಾಣೆಯ ಮೂಲಕ ಹೋಗಬೇಕು, ಅಲ್ಲಿ ಗಾಡಿ ಮತ್ತು ಗೈಡ್ ಇಬ್ಬರೂ ಬದಲಾಗುತ್ತಾರೆ, ಇಡೀ ದಿನ ಕಳೆಯುತ್ತದೆ. ವಲಸೆಯೊಂದೇ ಗುರಿಯಾಗಿದ್ದರೆ ಎರಡರಲ್ಲಿ ಒಂದನ್ನು ಆರಿಸಿ. ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ, ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆ. ಆ ವಿಮಾನಗಳು ಹಾರುವುದು ವಿಲ್ಸನ್ ವಿಮಾನ ನಿಲ್ದಾಣದಿಂದ, ಅಂತರರಾಷ್ಟ್ರೀಯ ವಿಮಾನಗಳು ಇಳಿಯುವುದು ಜೋಮೊ ಕೆನ್ಯಾಟಾದಲ್ಲಿ. ನಡುವೆ ನಗರದ ಟ್ರಾಫಿಕ್ ಇದೆ, ಮೂರು ಗಂಟೆಗಿಂತ ಕಡಿಮೆ ಅಂತರ ಇಟ್ಟುಕೊಳ್ಳಬೇಡಿ. ತಾಂಜಾನಿಯಾದ ಅರುಷಾ ಮತ್ತು ಕಿಲಿಮಂಜಾರೊ ವಿಮಾನ ನಿಲ್ದಾಣಗಳೂ ಹಾಗೆಯೇ ಬೇರೆ ಬೇರೆ.

ಸಣ್ಣ ವಿಮಾನದ ತೂಕದ ನಿಯಮ ಸಡಿಲವಾಗುವುದಿಲ್ಲ. ಕೀನ್ಯಾ, ತಾಂಜಾನಿಯಾದಲ್ಲಿ ಕೈಚೀಲ, ಕ್ಯಾಮೆರಾ ಎಲ್ಲ ಸೇರಿ ಸಾಮಾನ್ಯವಾಗಿ 15 ಕೆಜಿ, ಬೊಟ್ಸ್‌ವಾನಾದಲ್ಲಿ 20. ಚೀಲ ಮೆತ್ತನೆಯದಾಗಿರಬೇಕು, ಗಟ್ಟಿ ಚೌಕಟ್ಟು, ಚಕ್ರ ಬೇಡ, ಏಕೆಂದರೆ ವಿಮಾನದ ಹೊಟ್ಟೆಯ ಸಣ್ಣ ಗೂಡಿನಲ್ಲಿ ಅದನ್ನು ಒತ್ತಿ ತುಂಬುತ್ತಾರೆ. ಬಟ್ಟೆ ಮೂರು ಜೊತೆ ಸಾಕು, ಹೆಚ್ಚಿನ ಕ್ಯಾಂಪ್‌ಗಳಲ್ಲಿ ಒಗೆದುಕೊಡುತ್ತಾರೆ. ತೂಕ ಉಳಿಸಿ ಲೆನ್ಸ್‌ಗೆ ಕೊಡಿ.

ಬುಕಿಂಗ್‌ಗೆ ಮುಂಚೆ ಕೇಳಬೇಕಾದ್ದು

ದರಪಟ್ಟಿ ಬಂದಾಗ ಒಟ್ಟು ಮೊತ್ತಕ್ಕಿಂತ ಅದರೊಳಗೆ ಏನಿದೆ ಎಂಬುದು ಮುಖ್ಯ. ಉದ್ಯಾನದ ಪ್ರವೇಶ ಶುಲ್ಕ ಸೇರಿದೆಯೇ? ಮಸಾಯಿ ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. ಇಬ್ಬರಿಗೆ ನಾಲ್ಕು ದಿನಕ್ಕೆ ಲೆಕ್ಕ ಹಾಕಿ ನೋಡಿ, ಇದು ಸಣ್ಣ ಬಾಬತ್ತಲ್ಲ. ಶುಲ್ಕಗಳು ಆಗಾಗ ಬದಲಾಗುವುದರಿಂದ ಹೊರಡುವ ವರ್ಷದ ದರವನ್ನೇ ಬರಹದಲ್ಲಿ ಪಡೆಯಿರಿ.

ಗಾಡಿಯಲ್ಲಿ ಎಷ್ಟು ಜನ? ಎಲ್ಲರಿಗೂ ಕಿಟಕಿ ಸೀಟು ಸಿಗುತ್ತದೆಯೇ? ಗಾಡಿ ಚಾವಣಿ ಎತ್ತುವ ಲ್ಯಾಂಡ್ ಕ್ರೂಸರ್‌ ಆಗಿದೆಯೇ, ಮಿನಿವ್ಯಾನ್ ಆಗಿದೆಯೇ? ಮಿನಿವ್ಯಾನ್ ಅಗ್ಗ, ಆದರೆ ನೆಲಕ್ಕೆ ಹತ್ತಿರ, ಕೆಸರಿನಲ್ಲಿ ನಿಲ್ಲುತ್ತದೆ. ದಿನಕ್ಕೆ ಕಿಲೋಮೀಟರ್ ಮಿತಿಯಿದೆಯೇ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ, ಅಲ್ಲಿ ಹೋದ ಮೇಲೆ ಗೈಡ್ ಡೀಸೆಲ್ ಉಳಿಸುವುದನ್ನು ನೋಡಿ ಹಲ್ಲು ಕಡಿಯುತ್ತಾರೆ. ಫೋಟೋ ತೆಗೆಯುವವರು ಊಟ, ಕೋಣೆಯ ದರ್ಜೆ ಇಳಿಸಿಯಾದರೂ ಖಾಸಗಿ ಗಾಡಿ ತೆಗೆದುಕೊಳ್ಳುವುದು ಒಳ್ಳೆಯದು. ಚಿರತೆ ಮರದ ಮೇಲೆ ನಿದ್ದೆ ಹೋಗಿರುವಾಗ ಅದು ಇಳಿಯುವವರೆಗೆ ಎರಡು ಗಂಟೆ ಕಾಯಲು ಅಪರಿಚಿತ ಸಹಪ್ರಯಾಣಿಕರು ಒಪ್ಪುವುದಿಲ್ಲ.

ಮಾರಾದ ಸುತ್ತ ನಬೊಯಿಷೊ, ಮಾರಾ ನಾರ್ತ್, ಒಲಾರೆ ಮೊಟೊರೊಗಿ ಎಂಬ ಕನ್ಸರ್ವೆನ್ಸಿಗಳಿವೆ. ಇವು ಮಸಾಯಿ ಕುಟುಂಬಗಳ ಭೂಮಿ, ಬಾಡಿಗೆಗೆ ಪಡೆದು ನಡೆಸುವಂಥವು. ಮುಖ್ಯ ಮೀಸಲು ಪ್ರದೇಶದಲ್ಲಿ ದಾರಿ ಬಿಟ್ಟು ಗಾಡಿ ಓಡಿಸುವಂತಿಲ್ಲ, ರಾತ್ರಿ ಸಫಾರಿಯಿಲ್ಲ, ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ಇರಬಾರದೆಂಬ ನಿಯಮವಿದ್ದರೂ ಜುಲೈ ಆಗಸ್ಟ್‌ನಲ್ಲಿ ಅದನ್ನು ಮೀರುವುದು ಮಾಮೂಲು. ಕನ್ಸರ್ವೆನ್ಸಿಗಳಲ್ಲಿ ಗಾಡಿ ಕಡಿಮೆ, ರಾತ್ರಿ ಸಫಾರಿ ಮತ್ತು ನಡಿಗೆ ಎರಡಕ್ಕೂ ಅವಕಾಶವಿದೆ. ದರ ಹೆಚ್ಚು. ಅಲ್ಲಿ ಮೂರು ರಾತ್ರಿ ತಂಗಿ ಒಂದು ದಿನ ಮಾತ್ರ ನದಿಗೆ ಹೋಗಿಬರುವುದು ಒಳ್ಳೆಯ ಹೊಂದಾಣಿಕೆ.

ಕಾಡಿನೊಳಗೆ

ಗೇಟು ತೆರೆಯುವ ಹೊತ್ತಿಗೆ ಗೇಟಿನಲ್ಲಿರಿ. ಸೂರ್ಯ ಹುಟ್ಟಿದ ಮೊದಲ ಮೂರು ಗಂಟೆ, ಮುಳುಗುವ ಮುಂಚಿನ ಎರಡು ಗಂಟೆ ಮಾಂಸಾಹಾರಿಗಳು ಓಡಾಡುವ ಕಾಲ. ಸಿಂಹ ದಿನದ ಇಪ್ಪತ್ತು ಗಂಟೆಯವರೆಗೂ ಬಿದ್ದುಕೊಂಡಿರಬಲ್ಲುದು, ಬಿಸಿಲೇರಿದ ಮೇಲೆ ಸಿಕ್ಕರೂ ಕಾಣುವುದು ಹೊಟ್ಟೆ ಮಾತ್ರ. ಚೀತಾ ಇದಕ್ಕೆ ಅಪವಾದ. ಸಿಂಹ, ಕತ್ತೆಕಿರುಬಗಳ ಕಾಟ ತಪ್ಪಿಸಲು ಅದು ಹಗಲಲ್ಲೇ ಬೇಟೆಯಾಡುತ್ತದೆ. ಆನೆಗಳೂ ಮಧ್ಯಾಹ್ನ ನೀರಿಗೆ ಬರುತ್ತವೆ. ಹಾಗಾಗಿ ಕೆಲವು ದಿನವಾದರೂ ಕ್ಯಾಂಪ್‌ಗೆ ಮರಳದೆ ತಿಂಡಿ, ಊಟ ಕಟ್ಟಿಸಿಕೊಂಡು ಹೊರಗೇ ಇರುವುದು ಲಾಭ.

ಪ್ರಾಣಿಯನ್ನು ಹುಡುಕುವುದಕ್ಕಿಂತ ಬೇರೆ ಪ್ರಾಣಿಗಳು ಏನನ್ನು ನೋಡುತ್ತಿವೆ ಎಂದು ಗಮನಿಸಿ. ಇಂಪಾಲಾಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಮೂಗಿನಿಂದ ಸೀನಿದಂತೆ ಸದ್ದು ಮಾಡುತ್ತಿದ್ದರೆ ಆ ಕಡೆ ಏನೋ ಇದೆ. ಜಿರಾಫೆ ಅಲುಗಾಡದೆ ಒಂದೇ ಪೊದೆಯನ್ನು ದಿಟ್ಟಿಸುತ್ತಿದ್ದರೂ ಅಷ್ಟೇ. ರಣಹದ್ದುಗಳು ಮರದ ಮೇಲೆ ಕೂತು ಕೆಳಗಿಳಿಯದಿದ್ದರೆ ಬೇಟೆಯಾಡಿದ ಪ್ರಾಣಿ ಇನ್ನೂ ಅಲ್ಲೇ ಇದೆಯೆಂದು ಅರ್ಥ. ಸೆರೆಂಗೆಟಿಯ ಸೆರೊನೆರಾ ಹೊಳೆಯಂಚಿನ ಮರಗಳಲ್ಲಿ ಚಿರತೆ ಹುಡುಕುವಾಗ ಇಡೀ ಪ್ರಾಣಿಗಾಗಿ ನೋಡಬೇಡಿ, ಅಡ್ಡ ಕೊಂಬೆಯಿಂದ ನೇರ ಕೆಳಗೆ ತೂಗುವ ಬಾಲವನ್ನು ನೋಡಿ.

ಗಾಡಿಯಲ್ಲಿ ಕುಳಿತವರನ್ನು ಪ್ರಾಣಿಗಳು ಗಾಡಿಯದೇ ಭಾಗವೆಂಬಂತೆ ಕಾಣುತ್ತವೆ. ಎದ್ದು ನಿಂತರೆ, ಕೈ ಹೊರಗೆ ಚಾಚಿದರೆ, ಇಳಿದರೆ ಆ ಆಕಾರ ಒಡೆಯುತ್ತದೆ. ದಕ್ಷಿಣ ಆಫ್ರಿಕಾದ ತೆರೆದ ಗಾಡಿಗಳಲ್ಲಿ ಇದು ಮುಖ್ಯ. ಆನೆ ಕಿವಿ ಅಗಲಿಸಿ ತಲೆ ಕೊಡವಿದರೆ ಅದು ಎಚ್ಚರಿಕೆ, ಮೆಲ್ಲಗೆ ಹಿಂದೆ ಸರಿಯಬೇಕು. ಕಿವಿ ಹಿಂದಕ್ಕೆ ಅಂಟಿಸಿ, ಸೊಂಡಿಲು ಒಳಗೆ ಸುತ್ತಿ ಬಂದರೆ ಎಚ್ಚರಿಕೆಯ ಹಂತ ಮುಗಿದಿದೆ. ಹೆಣ್ಣಾನೆ ಮತ್ತು ಮರಿಯ ನಡುವೆ ಗಾಡಿ ತರುವ ಗೈಡ್ ಒಳ್ಳೆಯ ಗೈಡ್ ಅಲ್ಲ.

ಸ್ವಂತ ಗಾಡಿ ಓಡಿಸುವವರಿಗೆ

ಇದಕ್ಕೆ ಅತ್ಯಂತ ಸುಲಭವಾದ ಜಾಗ ದಕ್ಷಿಣ ಆಫ್ರಿಕಾದ ಕ್ರೂಗರ್. ಮುಖ್ಯ ರಸ್ತೆಗಳು ಡಾಂಬರು, ಸಾಮಾನ್ಯ ಕಾರು ಸಾಕು. ವೇಗದ ಮಿತಿ ಡಾಂಬರಿನಲ್ಲಿ ಗಂಟೆಗೆ 50, ಮಣ್ಣಿನ ದಾರಿಯಲ್ಲಿ 40 ಕಿ.ಮೀ., ಆದರೆ ಪ್ರಾಣಿ ಕಾಣಬೇಕೆಂದರೆ 25 ದಾಟಬೇಡಿ. ತಂಗುವುದು ಉದ್ಯಾನದೊಳಗಿನ ಕ್ಯಾಂಪ್‌ನಲ್ಲೇ ಇರಲಿ. ನವೆಂಬರ್‌ನಿಂದ ಜನವರಿಯವರೆಗೆ ಕ್ಯಾಂಪ್ ಗೇಟುಗಳು ಬೆಳಿಗ್ಗೆ 4:30ಕ್ಕೇ ತೆರೆಯುತ್ತವೆ, ಹೊರಗಿನ ಪ್ರವೇಶದ್ವಾರ 5:30ಕ್ಕೆ. ಆ ಒಂದು ಗಂಟೆಯೇ ಅಮೂಲ್ಯ. ಸಂಜೆ ಗೇಟು ಮುಚ್ಚುವ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ತಡವಾದರೆ ದಂಡ. ದಾರಿಯಲ್ಲಿ ಆನೆ ನಿಂತು ಅರ್ಧ ಗಂಟೆ ತಿನ್ನುವುದು ಸಾಮಾನ್ಯ, ಆದ್ದರಿಂದ ಮರಳುವಾಗ ಗಂಟೆಗೆ 20 ಕಿ.ಮೀ. ಎಂದೇ ಲೆಕ್ಕ ಹಾಕಿ.

ನಮೀಬಿಯಾದ ಅಪಾಯ ಪ್ರಾಣಿಗಳದ್ದಲ್ಲ, ಜಲ್ಲಿ ರಸ್ತೆಯದ್ದು. ಸಡಿಲ ಜಲ್ಲಿಯಲ್ಲಿ ವೇಗವಾಗಿ ತಿರುವು ತೆಗೆದರೆ ಗಾಡಿ ಜಾರಿ ಮಗುಚುತ್ತದೆ. ಗಂಟೆಗೆ 80 ಮೀರಬೇಡಿ, ಟೈರಿನ ಗಾಳಿಯನ್ನು ಬಾಡಿಗೆ ಕಂಪನಿ ಹೇಳಿದ ಮಟ್ಟಕ್ಕೆ ಇಳಿಸಿ, ಎರಡು ಸ್ಟೆಪ್ನಿ ಕೇಳಿ ಪಡೆಯಿರಿ, ಕತ್ತಲಾದ ಮೇಲೆ ಓಡಿಸಬೇಡಿ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಟ್ಯಾಂಕ್ ತುಂಬಿಸಿ.

ಕಾಲ್ನಡಿಗೆ ಮತ್ತು ಗೊರಿಲ್ಲಾ

ನಡಿಗೆ ಸಫಾರಿಯಲ್ಲಿ ಮುಂದೆ ಬಂದೂಕು ಹಿಡಿದವರು, ಹಿಂದೆ ಒಂದೇ ಸಾಲು, ಮಾತಿಲ್ಲ. ಹತ್ತಿರದಿಂದ ದೊಡ್ಡ ಪ್ರಾಣಿ ನೋಡುವುದು ಇದರ ಉದ್ದೇಶವೇ ಅಲ್ಲ. ಹೆಜ್ಜೆಗುರುತು, ಲದ್ದಿ, ಗೆದ್ದಲು ಹುತ್ತ, ಹಕ್ಕಿಯ ಕೂಗು ಓದುವುದನ್ನು ಕಲಿಯುವುದು ಇದರ ರುಚಿ. ಸಿಂಹ ಎದುರಾದರೆ ಓಡಬಾರದು, ಗೈಡ್ ಹೇಳಿದಂತೆ ನಿಲ್ಲಬೇಕು. ನೀರಾನೆ ಮತ್ತು ನೀರಿನ ನಡುವೆ, ಒಂಟಿ ಗಂಡು ಕಾಡೆಮ್ಮೆ ಇರಬಹುದಾದ ದಟ್ಟ ಪೊದೆಯ ಸಮೀಪ ಹೋಗಬಾರದು. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಎಲ್ಲ ಪ್ರಾಣಿಗಳಿಗೂ ಸುದ್ದಿ ಮುಟ್ಟಿರುತ್ತದೆ.

ಪರ್ವತ ಗೊರಿಲ್ಲಾಗಳು 2019ರಲ್ಲಿ ಪ್ರಕಟವಾದ ಎಣಿಕೆಯಂತೆ 1,063. ಅವನ್ನು ನೋಡಲು ರುವಾಂಡಾದಲ್ಲಿ ಒಂದು ಪರವಾನಗಿಗೆ 1,500 ಡಾಲರ್, ಉಗಾಂಡಾದಲ್ಲಿ 800. ಎರಡೂ ಕಡೆ ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ, ವಯಸ್ಸು ಕನಿಷ್ಠ 15. ನೆಗಡಿ ಕೆಮ್ಮು ಇದ್ದರೆ ಬಿಡುವುದಿಲ್ಲ, ಮನುಷ್ಯರ ಸೋಂಕು ಅವುಗಳಿಗೆ ತಗಲುತ್ತದೆ. ಪರವಾನಗಿ ಸಿಕ್ಕ ಮೇಲೆಯೇ ವಿಮಾನದ ಟಿಕೆಟ್ ತೆಗೆಯಿರಿ. ಉಗಾಂಡಾದ ಬ್ವಿಂಡಿ ಕಾಡಿಗೆ ನಾಲ್ಕು ಕಡೆಯಿಂದ ಪ್ರವೇಶವಿದೆ, ಪರವಾನಗಿ ಯಾವ ದ್ವಾರದ್ದೋ ತಂಗುವುದು ಅದರ ಬಳಿಯೇ ಆಗಬೇಕು. ಇಲ್ಲವಾದರೆ ಬೆಟ್ಟದ ದಾರಿಯಲ್ಲಿ ಗಂಟೆಗಟ್ಟಲೆ ಸುತ್ತಿ, ಗುಂಪು ಹಂಚುವ ಬೆಳಗಿನ ಸಭೆ ತಪ್ಪುತ್ತದೆ. ಮುಳ್ಳುಗಿಡ ಹಿಡಿಯಲು ತೋಟದ ಕೈಗವಸು, ಕೆಂಪಿರುವೆ ತಡೆಯಲು ಪ್ಯಾಂಟಿನ ಮೇಲೆ ಎಳೆದ ಉದ್ದ ಕಾಲುಚೀಲ ಬೇಕು. ಮಂಡಿನೋವಿದ್ದರೆ ಬೆಳಗಿನ ಸಭೆಯಲ್ಲೇ ಹೇಳಿ, ಹತ್ತಿರದ ಕುಟುಂಬಕ್ಕೆ ಸೇರಿಸುತ್ತಾರೆ. ಸಾಮಾನು ಹೊರಲು ಸ್ಥಳೀಯರನ್ನು ಗೊತ್ತುಮಾಡಿಕೊಳ್ಳಿ. ಜಾರುವ ಇಳಿಜಾರಿನಲ್ಲಿ ಅವರ ಕೈ ಚೀಲಕ್ಕಿಂತ ನಿಮಗೇ ಹೆಚ್ಚು ಬೇಕಾಗುತ್ತದೆ.

ಬಟ್ಟೆ, ನೊಣ, ಕ್ಯಾಮೆರಾ

ಕಡುನೀಲಿ, ಕಪ್ಪು ಬಟ್ಟೆ ಬೇಡ. ಟ್ಸೆಟ್ಸೆ ನೊಣಗಳು ಆ ಬಣ್ಣಗಳಿಗೇ ಬರುತ್ತವೆ, ತೆಳು ಬಟ್ಟೆಯ ಮೂಲಕವೂ ಕಚ್ಚುತ್ತವೆ, ಸೊಳ್ಳೆಯ ಮುಲಾಮಿಗೆ ಅಷ್ಟಾಗಿ ಬಗ್ಗುವುದಿಲ್ಲ. ಖಾಕಿ, ಕಂದು, ಬೂದು ಸರಿ. ಸೈನಿಕರ ಮಾದರಿಯ ಚಿತ್ತಾರದ ಬಟ್ಟೆಯನ್ನು ಒಯ್ಯಲೇಬೇಡಿ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಅದು ಕಾನೂನುಬಾಹಿರ. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಹೋದವರು ಜುಲೈ ಮುಂಜಾನೆ ತೆರೆದ ಗಾಡಿಯಲ್ಲಿ ನಡುಗುತ್ತಾರೆ. ಉಣ್ಣೆ ಟೋಪಿ, ಕೈಗವಸು, ದಪ್ಪ ಜಾಕೆಟ್ ಬೇಕು.

ಬೈನಾಕ್ಯುಲರ್ ಒಬ್ಬರಿಗೊಂದು, 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನದು) ಸಾಕು. ಇಬ್ಬರು ಒಂದನ್ನೇ ಹಂಚಿಕೊಂಡರೆ ಬೇಟೆಯ ಹತ್ತು ಸೆಕೆಂಡು ಒಬ್ಬರಿಗೇ. ಕ್ಯಾಮೆರಾಕ್ಕೆ 100-400 ಮಿ.ಮೀ. ಜೂಮ್ ಎಲ್ಲಕ್ಕೂ ಆಗುತ್ತದೆ. ಓಡುವ ಪ್ರಾಣಿಗೆ ಸೆಕೆಂಡಿನ 1/1000, ಹಾರುವ ಹಕ್ಕಿಗೆ 1/2000 ಶಟರ್ ವೇಗ ಇಟ್ಟುಕೊಳ್ಳಿ. ಗಾಡಿಯಲ್ಲಿ ಟ್ರೈಪಾಡ್ ಬಿಡಿಸಲು ಜಾಗವಿಲ್ಲ. ಖಾಲಿ ಬಟ್ಟೆಚೀಲ ಒಯ್ದು ಅಲ್ಲೇ ಅಕ್ಕಿಯನ್ನೋ ಕಾಳನ್ನೋ ತುಂಬಿಸಿ ಕಿಟಕಿಯ ಮೇಲಿಟ್ಟು ಲೆನ್ಸ್ ಊರಿ. ಎಂಜಿನ್ ಆರಿಸದಿದ್ದರೆ ಚಿತ್ರ ಅಲುಗುತ್ತದೆ. ಹತ್ತು ಗಂಟೆಯ ಮೇಲೆ ದೂರದ ಚಿತ್ರಗಳು ಮಸುಕಾಗುವುದು ಲೆನ್ಸ್ ತಪ್ಪಲ್ಲ, ಕಾದ ನೆಲದ ಗಾಳಿ ನಲುಗುವುದರಿಂದ. ಹೊರಗೆ ಲೆನ್ಸ್ ಬದಲಿಸಬೇಡಿ, ಸೆನ್ಸರ್ ಮೇಲೆ ಧೂಳು ಕೂರುತ್ತದೆ. ಡ್ರೋನ್ ಮನೆಯಲ್ಲೇ ಬಿಡಿ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಕಾಗದಪತ್ರ, ಹಣ, ಔಷಧಿ

ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಇ-ಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಕೇಳುತ್ತದೆ. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ನಡೆಯುವ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ 100 ಡಾಲರ್, ತಾಂಜಾನಿಯಾ ಅದರಲ್ಲಿಲ್ಲ. ಹಳದಿ ಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರ ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆ ಊರ್ಜಿತವಾಗುತ್ತದೆ, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಕೀನ್ಯಾ ನೋಡಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಹೋಗುವವರನ್ನು ಅದಿಲ್ಲದೆ ಒಳಗೆ ಬಿಡುವುದಿಲ್ಲ. ಕೀನ್ಯಾ, ತಾಂಜಾನಿಯಾ, ರುವಾಂಡಾಗಳಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ಸೂಟ್‌ಕೇಸಿನಿಂದ ಅವನ್ನು ತೆಗೆದಿಡಿ.

ಡಾಲರ್ ನೋಟು ಹೊಸದಾಗಿರಲಿ. 2009ಕ್ಕಿಂತ ಹಳೆಯ, ಹರಿದ, ಬರೆದ ನೋಟನ್ನು ಪೂರ್ವ ಆಫ್ರಿಕಾದಲ್ಲಿ ಎಷ್ಟೋ ಕಡೆ ಮುಟ್ಟುವುದಿಲ್ಲ. ಗೈಡ್‌ಗೆ ಬಕ್ಷೀಸು ಪ್ರತಿಯೊಬ್ಬರಿಂದ ದಿನಕ್ಕೆ 10ರಿಂದ 20 ಡಾಲರ್ ರೂಢಿಯಲ್ಲಿದೆ, ಕೊನೆಯ ದಿನ ಲಕೋಟೆಯಲ್ಲಿ ಕೊಡುತ್ತಾರೆ. ಅಡುಗೆಯವರು, ಕ್ಯಾಂಪ್ ಸಿಬ್ಬಂದಿಗೆ ಬೇರೆ ಪೆಟ್ಟಿಗೆ ಇರುತ್ತದೆ.

ಮಲೇರಿಯಾ ಮಾತ್ರೆಯನ್ನು ವೈದ್ಯರೇ ಆರಿಸಲಿ, ಆದರೆ ಅವಧಿ ನೆನಪಿರಲಿ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೊರಡುವ ಒಂದೆರಡು ದಿನ ಮುಂಚಿನಿಂದ, ಮಲೇರಿಯಾ ಪ್ರದೇಶ ಬಿಟ್ಟ 7 ದಿನದವರೆಗೆ. ಡಾಕ್ಸಿಸೈಕ್ಲಿನ್ ಆದರೆ ಬಿಟ್ಟ ಮೇಲೆ 28 ದಿನ. ಊರಿಗೆ ಬಂದೊಡನೆ ಮಾತ್ರೆ ಮರೆಯುವವರೇ ಹೆಚ್ಚು. ಸಣ್ಣ ಮಕ್ಕಳಿದ್ದರೆ ಮಲೇರಿಯಾ ಇಲ್ಲದ ಮಾಡಿಕ್ವೆ, ಪಿಲಾನೆಸ್‌ಬರ್ಗ್ ಅಥವಾ ಆಡೊ ಆರಿಸಿ, ಮೂರೂ ದಕ್ಷಿಣ ಆಫ್ರಿಕಾದಲ್ಲಿವೆ. ಮರಳಿದ ಮೇಲೆ ತಿಂಗಳುಗಳೊಳಗೆ ಯಾವಾಗ ಜ್ವರ ಬಂದರೂ, ಮಾತ್ರೆ ತಪ್ಪದೆ ತೆಗೆದುಕೊಂಡಿದ್ದರೂ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಯಾವ ದೇಶಕ್ಕೆ, ಯಾವ ತಿಂಗಳಲ್ಲಿ ಹೋಗಿದ್ದಿರಿ ಎಂದು ವೈದ್ಯರಿಗೆ ಅವರು ಕೇಳುವ ಮುಂಚೆಯೇ ಹೇಳಿ.